ಅಪ್ಪ ಹೊಲಕ್ಕೂ ಬೇಕಿತ್ತು, ಊರಿಗೂ ಬೇಕಿತ್ತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದನ್ನ ಒಟ್ಟಿಗೆ ತಗೊಂಡಿದೀನಿ. ಬರೆದವರು ಬೇರೆ ಬೇರೆ, ಆದ್ರೆ ಐದರಲ್ಲೂ ಬರೋದು ಒಂದೇ ಥರದ ಮನುಷ್ಯ. ಮನೆಯವರ ಜೊತೆ ಸೇರಿ ಸ್ವಂತ ಭೂಮಿ ಉಳೋನು, ಸಂಜೆ ಆದ್ಮೇಲೆ ಊರಿನ ಕೆಲಸಕ್ಕೆ ಹೊರಡೋನು. ನಾನೂ ಅಂಥ ಮನೇಲೇ ಬೆಳೆದವರಲ್ಲಿ ಒಬ್ಬರು, ಅದಕ್ಕೇ ಕೆಲವು ಉತ್ತರ ಉದ್ದ ಆಗಿದೆ, ಕ್ಷಮಿಸಿ.

ಪ್ರಶ್ನೆ: ಅಪ್ಪ ಹೋಗಿ ಇಪ್ಪತ್ತು ದಿನ ಆಯ್ತು. ಐವತ್ತು ವರ್ಷ ಹೊಲ ಹಸು ಅಂತ ದುಡಿದ್ರು, ಜೊತೆಗೆ ರಕ್ತದಾನ ಶಿಬಿರ, ಶಾಲೆ ಕೆಲಸ, ಯಾರ ಮನೇಲಿ ಏನೇ ಆದ್ರೂ ಮೊದಲು ಹೋಗ್ತಿದ್ದಿದ್ದು ಅವರೇ. ಅವರ ನೆನಪಿಗೆ ಒಂದು ಸಭೆ ಇಟ್ಕೊಂಡಿದಾರೆ, ಮಗಳು ನೀನೇ ಮಾತಾಡು ಅಂತಿದಾರೆ. ಬರೆಯೋಕೆ ಕೂತ್ರೆ 'ಶ್ರಮಜೀವಿ, ಸರಳ ವ್ಯಕ್ತಿ, ಪರೋಪಕಾರಿ' ಇಷ್ಟಕ್ಕೇ ನಿಂತು ಹೋಗುತ್ತೆ. ನನ್ನ ಅಪ್ಪನ ಬಗ್ಗೆ ನನಗೇ ಏನೂ ಗೊತ್ತಿಲ್ವಾ ಅಂತ ಅಳು ಬರುತ್ತೆ.

ಉತ್ತರ: ತಂಗಿ, ನಿನಗೆ ತುಂಬಾ ಗೊತ್ತಿದೆ. ಆ ಮೂರು ಪದ ಬಾಗಿಲಿಗೆ ಅಡ್ಡ ನಿಂತಿವೆ ಅಷ್ಟೇ. ಅವು ಸುಳ್ಳೇನಲ್ಲ, ಆದ್ರೆ ಅವನ್ನ ಯಾರ ಬಗ್ಗೆ ಬೇಕಾದ್ರೂ ಹೇಳಬಹುದು, ಅದಕ್ಕೇ ನಿನ್ನಪ್ಪ ಅದರೊಳಗೆ ಕಾಣ್ತಿಲ್ಲ. ಅವನ್ನ ಪಕ್ಕಕ್ಕಿಟ್ಟು ಅಪ್ಪನ ಕೈ ಏನು ಮಾಡ್ತಿತ್ತು ಅಂತ ಒಂದೇ ಒಂದು ಸಲ ಕಣ್ಮುಚ್ಚಿ ನೋಡು.

ನನ್ನಪ್ಪನ ಒಂದು ವಿಷಯ ಹೇಳ್ತೀನಿ. ದ್ವಿದಳ ಬೆಳೆ ಹೂ ಬಿಡೋ ಹೊತ್ತಿಗೆ ಹೊಲದ ಮಧ್ಯೆ ಹೋಗಿ ಒಂದು ಗಿಡಾನ ಬುಡದ ಮಣ್ಣು ಸಮೇತ ಮೆಲ್ಲಗೆ ಎತ್ತೋರು, ಎಳೆದು ಕೀಳ್ತಿರಲಿಲ್ಲ, ಎಳೆದ್ರೆ ಬೇರಿನ ಗಂಟು ಮಣ್ಣಲ್ಲೇ ಉದುರಿ ಹೋಗುತ್ತೆ ಅಂತ. ಕಾಲುವೆ ನೀರಲ್ಲಿ ಬೇರು ಅಲ್ಲಾಡಿಸಿ ತೊಳೆದು, ಒಂದು ಗಂಟನ್ನ ಹೆಬ್ಬೆರಳ ಉಗುರಲ್ಲಿ ಸೀಳಿ ನನ್ನ ಮುಖದ ಹತ್ರ ಹಿಡಿಯೋರು. ಒಳಗೆ ಎಳೆ ಕೆಂಪು. 'ಕೆಂಪಿದ್ರೆ ಕೆಲಸ ಮಾಡ್ತಾ ಇದೆ, ಬೆಳ್ಳಗಿದ್ರೆ ಇನ್ನೂ ಶುರು ಮಾಡಿಲ್ಲ, ಹಸಿರು ತಿರುಗಿದ್ರೆ ಅದರ ಕೆಲಸ ಮುಗೀತು' ಅನ್ನೋರು. ಆ ಗಂಟಲ್ಲಿ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕಾನ ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತೆ, ಆ ಕೆಂಪು ಬಣ್ಣ ಲೆಗ್‌ಹಿಮೋಗ್ಲೋಬಿನ್‌ದು, ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಸಂಬಂಧಿ ಅಂತ ನಾನು ಕಾಲೇಜಲ್ಲಿ ಓದಿದ್ದು. ಅಪ್ಪಂಗೆ ಆ ಹೆಸರು ಗೊತ್ತಿರಲಿಲ್ಲ, ಬಣ್ಣ ಗೊತ್ತಿತ್ತು. ಈಗ ನೋಡು, ಇದರಲ್ಲಿ ಎಲ್ಲೂ ನಾನು 'ಶ್ರಮಜೀವಿ' ಅಂತ ಹೇಳಲಿಲ್ಲ, ಆದ್ರೂ ನಿನಗೆ ಅವರು ಕಂಡ್ರು ಅಲ್ವಾ.

ನಿನ್ನ ಹತ್ರಾನೂ ಇಂಥದ್ದು ಇರುತ್ತೆ. ಬೆಳಗ್ಗೆ ಎದ್ದ ತಕ್ಷಣ ಆಕಾಶ ನೋಡ್ತಿದ್ರಾ ಕೊಟ್ಟಿಗೆ ನೋಡ್ತಿದ್ರಾ, ಅಂಗಿ ಜೇಬಲ್ಲಿ ಏನಿರ್ತಿತ್ತು, ಫೋನ್ ಬಂದಾಗ ಮೊದಲ ಮಾತು ಏನು. ಅಪ್ಪ ಲೆಕ್ಕ ಬರೀತಿದ್ದ ಹಳೇ ನೋಟ್‌ಬುಕ್ಕೋ ಡೈರಿನೋ ಇದ್ರೆ ಇವತ್ತೇ ಹುಡುಕು, ಯಾರಾದ್ರೂ ರದ್ದಿಗೆ ಹಾಕೋ ಮುಂಚೆ. ಹಸು ಇಟ್ಟ ಮನೆಗಳಲ್ಲಿ ಸಾಮಾನ್ಯವಾಗಿ ಬೆದೆಗೆ ಬಂದ ದಿನ, ಗರ್ಭ ಕಟ್ಟೋ ಇಂಜೆಕ್ಷನ್ ಮಾಡಿಸಿದ ದಿನ ಬರೆದು ಅಲ್ಲಿಂದ 280 ದಿನ ಎಣಿಸಿ ಕರು ಹಾಕೋ ತಾರೀಖು ಗುರುತು ಮಾಡಿರ್ತಾರೆ. ನಮ್ಮನೇಲಿ ಅಂಥ ಒಂದು ಪುಟದಲ್ಲಿ ಹಸುವಿನ ತಾರೀಖಿನ ಕೆಳಗೇ, ಅದೇ ಪೆನ್ನಲ್ಲಿ, 'ರಕ್ತ ಕೊಟ್ಟಿದ್ದು, ಇನ್ನು ಮೂರು ತಿಂಗಳು ಬೇಡ' ಅಂತ ಬರೆದಿದ್ರು. ಅದನ್ನ ಓದಿದಾಗ ನನಗೆ ಒಂದು ವಿಷಯ ಹೊಳೀತು: ನಾವು ಅವರ ಜೀವನಾನ ಕೃಷಿ ಅಂತ ಒಂದು, ಸಮಾಜಸೇವೆ ಅಂತ ಇನ್ನೊಂದು ಅಂತ ಎರಡು ಭಾಗ ಮಾಡಿ ಇಟ್ಟಿದ್ವಿ, ಅವರಿಗೆ ಅದು ಒಂದೇ ಪುಟ. ಯಾವುದಕ್ಕೆ ಯಾವಾಗ ಏನು ಬೇಕು ಅಂತ ಗಮನ ಇಟ್ಟು ನೋಡೋದು, ಹೊತ್ತಿಗೆ ಸರಿಯಾಗಿ ಅಲ್ಲಿರೋದು, ಹಸುವಿಗೂ ಅದೇ ಪಕ್ಕದ ಮನೆಯವರಿಗೂ ಅದೇ.

ಅಪ್ಪ ಸಹಾಯ ಮಾಡಿದವರಲ್ಲಿ ಮೂರು ಜನಕ್ಕೆ ಫೋನ್ ಮಾಡು, ಅವತ್ತು ಏನಾಯ್ತು ಅಂತ ಮಾತ್ರ ಕೇಳು. ಹೊಗಳೋಕೆ ಶುರು ಮಾಡಿದ್ರೆ 'ಅವತ್ತು ಎಷ್ಟೊತ್ತಿಗೆ ಬಂದ್ರು, ಬಂದು ಏನು ಮಾಡಿದ್ರು' ಅಂತ ಮತ್ತೆ ಕೇಳು. ಅಪ್ಪನ ಸಿಟ್ಟು, ನಿನ್ನ ಶಾಲೆ ಕಾರ್ಯಕ್ರಮಕ್ಕೆ ಬರದೇ ಇದ್ದಿದ್ದು, ಅದೂ ಇದ್ರೆ ಒಂದು ವಾಕ್ಯ ಹೇಳು, ಜನ ಅದನ್ನ ಪ್ರೀತಿಯಿಂದಲೇ ಕೇಳ್ತಾರೆ.

ಅಪ್ಪ ಬರೀ ಸಣ್ಣ ರೈತ ಅಷ್ಟೇ, ದೊಡ್ಡ ವ್ಯಕ್ತಿ ಅಲ್ವಲ್ಲ ಅಂತ ಪತ್ರದ ಕೊನೇಲಿ ಸಂಕೋಚದಿಂದ ಬರೆದಿದೀಯ. ಜಗತ್ತಿನಲ್ಲಿ 57 ಕೋಟಿಗೂ ಹೆಚ್ಚು ಕೃಷಿ ಹಿಡುವಳಿ ಇವೆ, ಅದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ನಡೆಸೋದು ಕುಟುಂಬಗಳೇ, ಬೆಲೆ ಲೆಕ್ಕದಲ್ಲಿ ಜಗತ್ತಿನ ಆಹಾರದ ಸುಮಾರು 80 ಭಾಗ ಬರೋದು ಇವರ ಕೈಯಿಂದ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೆಕ್ಕ ಕೊಟ್ಟಿದೆ. ವಿಶ್ವಸಂಸ್ಥೆ 2014ನ್ನ ಕುಟುಂಬ ಕೃಷಿಯ ವರ್ಷ ಅಂತ ಆಚರಿಸಿತು, ಆಮೇಲೆ 2019ರಿಂದ 2028ರವರೆಗೆ ಪೂರ್ತಿ ಒಂದು ದಶಕಾನೇ ಇವರ ಹೆಸರಿಗೆ ಇಟ್ಟಿದೆ. ಸಭೇಲಿ ಇದನ್ನ ಹೇಳಲೇಬೇಕು ಅಂತಿಲ್ಲ, ಸಂಕೋಚ ಬಿಟ್ಟು ತಲೆ ಎತ್ತಿ ಮಾತಾಡ್ಲಿ ಅಂತ ನಿನಗೆ ಹೇಳಿದೆ.

ಪ್ರಶ್ನೆ: ನಮ್ಮ ಯಜಮಾನ್ರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಯಾರ ಫೋನ್ ಬಂದ್ರೂ ಚಪ್ಪಲಿ ಮೆಟ್ಟಿ ಹೊರಟೇ ಬಿಡ್ತಾರೆ. ಹಾಲು ಕರೆಯೋದು, ನೀರು ತಿರುಗಿಸೋದು, ಆಳುಗಳನ್ನ ನೋಡ್ಕೊಳ್ಳೋದು ಎಲ್ಲಾ ನನ್ನ ತಲೆ ಮೇಲೆ. ಒಂದು ಮಾತು ಆಡಿದ್ರೆ 'ಅಂಥ ದೇವರಂಥ ಮನುಷ್ಯನ್ನ ಕಟ್ಟಿ ಹಾಕ್ತಾಳೆ' ಅಂತ ನನ್ನನ್ನೇ ಅಂತಾರೆ. ನಾನು ಸ್ವಾರ್ಥಿನಾ?

ಉತ್ತರ: ಇಲ್ಲ ಅಕ್ಕಾ, ಖಂಡಿತ ಇಲ್ಲ. ಅವರು ಊರಿಗೆ ಕೊಡೋ ಹೊತ್ತು ಎಲ್ಲಿಂದ ಬರ್ತಿದೆ ಅಂತ ಯಾರೂ ಕೇಳಲ್ಲ, ಅದು ನಿಮ್ಮ ನಿದ್ದೆಯಿಂದ, ನಿಮ್ಮ ಸೊಂಟದಿಂದ ಬರ್ತಿದೆ. ಸಂಬಳ ಇಲ್ಲದೆ ಊರಿಗೋಸ್ಕರ ದುಡಿಯೋರನ್ನ ಸ್ವಯಂಸೇವಕರು ಅಂತಾರೆ ಅಂದ್ಮೇಲೆ ಆ ಮನೇಲಿ ಸ್ವಯಂಸೇವಕರು ಇಬ್ಬರಿದಾರೆ, ಹಾರ ಮಾತ್ರ ಒಬ್ಬರಿಗೆ ಬೀಳ್ತಿದೆ. ವಿಶ್ವಸಂಸ್ಥೆ 2026ನ್ನ ರೈತ ಮಹಿಳೆಯರ ಅಂತರರಾಷ್ಟ್ರೀಯ ವರ್ಷ ಅಂತ ಘೋಷಣೆ ಮಾಡ್ತು, ಅದೇ 2026ನ್ನ ಸ್ವಯಂಸೇವಕರ ವರ್ಷ ಅಂತಾನೂ ಘೋಷಿಸ್ತು. ಎರಡನ್ನೂ ಯಾರೋ ಬೇರೆ ಬೇರೆ ಯೋಚನೆ ಮಾಡಿ ಇಟ್ಟಿರಬಹುದು, ನನಗಂತೂ ಅದನ್ನ ಓದಿದಾಗ ನಿಮ್ಮಂಥವರೇ ನೆನಪಾದ್ರು.

ಈಗ ಏನು ಮಾಡೋದು. ಅವರು ಹೋಗೋದೇ ಬೇಡ ಅಂದ್ರೆ ಆಗಲ್ಲ, ಅವರ ಉಸಿರೇ ಅದು, ನಿಮಗೂ ಅದು ಬೇಕಿಲ್ಲ ಅನ್ಸುತ್ತೆ. ಹೊಲದಲ್ಲಿ ಕೊಟ್ಟಿಗೇಲಿ ಕೆಲವು ಹೊತ್ತು ಮುಂದಕ್ಕೆ ತಳ್ಳೋಕಾಗಲ್ಲ, ಅಷ್ಟನ್ನ ಮಾತ್ರ ಗಟ್ಟಿ ಮಾಡಿ. ಕರೆಯೋ ಹಸು ದಿನಾ ಹೊತ್ತು ತಪ್ಪಿದ್ರೆ ಕೆಚ್ಚಲು ಬಿಗಿದು ನೋವು ತಿನ್ನುತ್ತೆ, ಕೆಚ್ಚಲು ಬಾವು ಬರೋಕೂ ದಾರಿ ಆಗುತ್ತೆ. ಕರು ಹಾಕಿದ ದಿನ ಅಂತೂ ಮನೇಲಿ ಇನ್ನೊಂದು ಜೊತೆ ಕೈ ಇರಲೇಬೇಕು, ಯಾಕಂದ್ರೆ ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯೋ ಶಕ್ತಿ ಹೆಚ್ಚುಕಡಿಮೆ ಇರೋದೇ ಇಲ್ಲ, ಅದು ಗಿಣ್ಣದ ಹಾಲಿಂದಲೇ ಬರಬೇಕು, ಕರುವಿನ ಕರುಳು ಅದನ್ನ ಹಾಗೇ ಹೀರಿಕೊಳ್ಳೋದು ಮೊದಲ ಕೆಲವು ಗಂಟೆ ಚೆನ್ನಾಗಿ, ಒಂದು ದಿನ ಕಳೆಯೋಷ್ಟರಲ್ಲಿ ಆ ಬಾಗಿಲು ಮುಚ್ಚಿ ಹೋಗುತ್ತೆ. ಆಮೇಲೆ ಎಷ್ಟು ಕುಡಿಸಿದ್ರೂ ಅದು ಆಗಲ್ಲ. ಬಿತ್ತನೆಗೆ ಮಣ್ಣು ಹದಕ್ಕೆ ಬಂದ ದಿನಾನೂ ಹಾಗೇ. ಇಂಥ ದಿನಗಳನ್ನ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಲ್ಲಿ ಗುರುತು ಮಾಡಿ, ಆ ದಿನ ಬೇರೆಯವರು ಹೋಗ್ಲಿ. ಬೇರೆಯವರು ಯಾರು ಅಂತ ಅವರೇ ಮುಂಚೆ ಇಬ್ಬರನ್ನ ತಯಾರು ಮಾಡ್ಲಿ, ಎಲ್ಲದಕ್ಕೂ ಒಬ್ಬರಿಗೇ ಫೋನ್ ಬರೋ ಊರು ಆ ಒಬ್ಬರು ಹಾಸಿಗೆ ಹಿಡಿದ್ರೆ ಏನು ಮಾಡುತ್ತೆ ಹೇಳಿ.

ಇನ್ನೊಂದು, ಈ ಮಾತನ್ನ ಅವರು ಹೊರಡೋ ಗಳಿಗೇಲಿ ಬಾಗಿಲಲ್ಲಿ ನಿಂತು ಆಡಬೇಡಿ. ಅವತ್ತು ಯಾರದೋ ಕಷ್ಟ ಎದುರಿಗಿರುತ್ತೆ, ನಿಮ್ಮ ಮಾತು ಸೋಲುತ್ತೆ. ಇಬ್ಬರೂ ಕೊಟ್ಟಿಗೇಲಿ ಇದ್ದಾಗ, ಕೈ ಕೆಲಸ ನಡೀತಿರುವಾಗ ಹೇಳಿ. ಅವರು ಉಪಕಾರ ಮಾಡಿದ ಮನೆಗಳಲ್ಲೇ ಎಷ್ಟೋ ಜನ ತಿಂಗಳಿಗೆ ಎರಡು ಬೆಳಗ್ಗೆ ಬಂದು ನಿಮಗೆ ಕೈ ಜೋಡಿಸೋಕೆ ತಯಾರಿರ್ತಾರೆ, ಯಾರೂ ಕೇಳಿರಲ್ಲ ಅಷ್ಟೇ. ನೀವು ಕೇಳಿ, ಅದರಲ್ಲಿ ಏನೂ ತಪ್ಪಿಲ್ಲ.

ಪ್ರಶ್ನೆ: ನಮ್ಮ ಚಿಕ್ಕಪ್ಪ ರೈತರು, ಊರಲ್ಲಿ ಬೆಂಕಿ ಬಿದ್ರೆ ನೀರಿಗೆ ಯಾರಾದ್ರೂ ಬಿದ್ರೆ ಮೊದಲು ಓಡೋರು. ಹೋದ ವರ್ಷ ಪಕ್ಕದ ಡೈರಿಯ ಸಗಣಿ ನೀರಿನ ಗುಂಡೀಲಿ ಕೆಲಸದವನೊಬ್ಬ ಬಿದ್ದ ಅಂತ ಇಳಿದ್ರು, ಇಬ್ಬರೂ ಮೇಲೆ ಬರಲಿಲ್ಲ. ಎಲ್ಲರೂ ವೀರ ಅಂತಾರೆ. ನನಗೆ ಅವರ ಥರಾನೇ ಊರಿಗೆ ಆಗೋ ಆಸೆ ಇದೆ, ಮನೇಲಿ ಆ ಮಾತೆತ್ತಿದ್ರೆ ಅಳ್ತಾರೆ. ಏನು ಮಾಡ್ಲಿ?

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ಎರಡು ದಿನ ಉತ್ತರ ಬರೆಯೋಕೆ ಆಗಲಿಲ್ಲ. ಚಿಕ್ಕಪ್ಪನ ಮನಸ್ಸು ದೊಡ್ಡದು, ಅದನ್ನ ಯಾರೂ ಕಿತ್ಕೊಳ್ಳೋಕೆ ಆಗಲ್ಲ. ಅವರಿಗೆ ಯಾರಾದ್ರೂ ಮುಂಚೆ ಒಂದು ವಿಷಯ ಹೇಳಿದ್ರೆ ಅವರು ಇವತ್ತು ಇರ್ತಿದ್ರೇನೋ, ಅದಕ್ಕೇ ನಿನಗೂ ಓದೋ ಎಲ್ಲರಿಗೂ ಬಿಡಿಸಿ ಹೇಳ್ತೀನಿ.

ಸಗಣಿ ಗಂಜಲ ನಿಂತು ಕೊಳೆಯೋ ಮುಚ್ಚಿದ ಗುಂಡೀಲಿ ಹೈಡ್ರೋಜನ್ ಸಲ್ಫೈಡ್ ಅನ್ನೋ ಗ್ಯಾಸ್ ಹುಟ್ಟುತ್ತೆ, ಮೀಥೇನ್, ಕಾರ್ಬನ್ ಡೈಆಕ್ಸೈಡ್ ಬೇರೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಕೆಳಗೇ ಕೂರುತ್ತೆ. ಗುಂಡಿ ಸುಮ್ನೆ ಇದ್ದಾಗ ಗ್ಯಾಸ್ ದ್ರವದೊಳಗೇ ಅಡಗಿರುತ್ತೆ, ಖಾಲಿ ಮಾಡೋಕೆ ಅಂತ ಕಲಕಿದ್ರೆ ಒಮ್ಮೆಲೇ ಎದ್ದು ಬರುತ್ತೆ. ಶುರುವಲ್ಲಿ ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತೆ, ಆದ್ರೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಹತ್ರ ಹೋದ್ರೆ ಮೂಗಿನ ಶಕ್ತಿನೇ ಸತ್ತು ಹೋಗಿ ವಾಸನೆ ನಿಂತ ಹಾಗೆ ಆಗುತ್ತೆ, ಹೊರಟು ಹೋಯ್ತು ಅಂತ ಮನುಷ್ಯ ಇಳೀತಾನೆ. ಇನ್ನೂ ಹೆಚ್ಚಿದ್ರೆ ಒಂದೆರಡು ಉಸಿರಿಗೇ ಪ್ರಜ್ಞೆ ಹೋಗುತ್ತೆ. ಎಷ್ಟೇ ಗಟ್ಟಿಮುಟ್ಟಾದ ಆಳಾಗಿರ್ಲಿ, ಈಜು ಬರ್ಲಿ, ಅಲ್ಲಿ ಅದು ಯಾವುದೂ ಲೆಕ್ಕಕ್ಕಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 1986ರಲ್ಲೇ ಎಚ್ಚರಿಕೆ ಕೊಟ್ಟಿತ್ತು, ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಜನ ಇನ್ನೊಬ್ಬರನ್ನ ಉಳಿಸೋಕೆ ಅಂತ ಇಳಿದವರು ಅಂತ. ಒಂದು ನಿಮಿಷ ಈ ಅಂಕಿ ಮುಂದೆ ಕೂತ್ಕೋ. ಅಷ್ಟೂ ಜನ ನಿನ್ನ ಚಿಕ್ಕಪ್ಪನಂಥವರೇ.

ದೀಪ ಇಳಿಸಿ ನೋಡಿ, ಆರದೇ ಇದ್ರೆ ಇಳಿಯಬಹುದು ಅಂತ ಹಿರಿಯರು ಹೇಳೋದುಂಟು. ಅದನ್ನ ನಂಬಬೇಡ. ದೀಪ ಆರಿದ್ರೆ ಆಮ್ಲಜನಕ ಕಮ್ಮಿ ಅಂತ ಗೊತ್ತಾಗುತ್ತೆ ಅಷ್ಟೇ, ವಿಷದ ಗ್ಯಾಸ್ ಇದ್ರೂ ದೀಪ ಉರೀತಾನೇ ಇರುತ್ತೆ, ಮೀಥೇನ್ ಇದ್ರೆ ಆ ದೀಪವೇ ಸ್ಫೋಟಕ್ಕೆ ಕಾರಣ ಆಗಬಹುದು. ಹಳೇ ಬಾವಿ, ಕಾಳು ತುಂಬಿದ ಮುಚ್ಚಿದ ಕಣಜ, ಸೆಪ್ಟಿಕ್ ಟ್ಯಾಂಕು, ಎಲ್ಲಾ ಇದೇ ಜಾತಿ. ಯಾರೋ ಒಳಗೆ ಬಿದ್ದಿದಾರೆ ಅಂದ್ರೆ ಕಲಕೋ ಮಶೀನ್ ಆಫ್ ಮಾಡು, ಅಗ್ನಿಶಾಮಕದವರಿಗೆ ಫೋನ್ ಮಾಡುವಾಗ ಗ್ಯಾಸ್ ಇರೋ ಗುಂಡಿ ಅಂತ ಮೊದಲೇ ಹೇಳು, ಹೊರಗಿಂದ ಫ್ಯಾನ್ ಬ್ಲೋವರ್ ಇಟ್ಟು ಗಾಳಿ ಒಳಗೆ ನೂಕು, ಹಗ್ಗ ಎಸೆಯೋಕಾದ್ರೆ ಎಸೆ. ಸಿಲಿಂಡರ್ ಇರೋ ಮಾಸ್ಕು, ಸೊಂಟಕ್ಕೆ ಬೆಲ್ಟು ಹಗ್ಗ, ಮೇಲೆ ಎಳೆಯೋ ಜನ ಇಲ್ಲದೆ ಯಾರೂ ಇಳಿಯೋ ಹಾಗಿಲ್ಲ, ಬಟ್ಟೆ ಕಟ್ಕೊಂಡ್ರೆ ಏನೂ ಆಗಲ್ಲ. ಅಲ್ಲಿ ಅಳ್ತಾ ಕೂಗ್ತಾ ಇಳಿಯೋಕೆ ಹೋಗೋ ಅಣ್ಣನ್ನೋ ಅಪ್ಪನ್ನೋ ರಟ್ಟೆ ಹಿಡಿದು ತಡೆಯೋದು ಎಲ್ಲಕ್ಕಿಂತ ಕಷ್ಟದ ಕೆಲಸ. ಅದಕ್ಕೆ ಬೇಕಾಗಿರೋ ಧೈರ್ಯ ಇಳಿಯೋ ಧೈರ್ಯಕ್ಕಿಂತ ಕಮ್ಮಿ ಅಲ್ಲ ತಮ್ಮಾ.

ಊರಿಗೆ ಆಗೋ ಆಸೆ ಬಿಡಬೇಡ. ಮೊದಲು ಟ್ರೇನಿಂಗ್ ತಗೋ, ಪ್ರಥಮ ಚಿಕಿತ್ಸೆ ಕಲಿ, ಹೃದಯ ನಿಂತವರಿಗೆ ಎದೆ ಒತ್ತೋದು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳ, ಇದನ್ನ ಕೈಗೆ ರೂಢಿ ಮಾಡ್ಕೋ. ಆಮೇಲೆ ಗುಂಡಿ ಇರೋ ಪ್ರತಿ ಮನೆಗೂ ಹೋಗಿ ಮುಚ್ಚಳ ಗಟ್ಟಿ ಇದೆಯಾ, ಬೋರ್ಡ್ ಹಾಕಿದಾರಾ ನೋಡು. ಜೊತೆಗೆ ಟ್ರ್ಯಾಕ್ಟರ್. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗೆ ಮಗುಚಿದ್ರೂ ಡ್ರೈವರ್ ನಜ್ಜುಗುಜ್ಜಾಗದ ಹಾಗೆ ಕಾಪಾಡೋ ಕಬ್ಬಿಣದ ಚೌಕಟ್ಟು ಕಡ್ಡಾಯ ಮಾಡಿತ್ತು, ಅಲ್ಲಿ ಅಂಥ ಸಾವು ಇಳೀತಾ ಬಂತು. ನಿಮ್ಮಲ್ಲಿ ಎಷ್ಟು ಟ್ರ್ಯಾಕ್ಟರ್‌ಗೆ ಆ ಚೌಕಟ್ಟಿದೆ, ಇದ್ದವರಲ್ಲಿ ಎಷ್ಟು ಜನ ಸೀಟ್ ಬೆಲ್ಟ್ ಹಾಕ್ತಾರೆ, ಒಂದು ಭಾನುವಾರ ಎಣಿಸು. ಚಿಕ್ಕಪ್ಪನ ಫೋಟೋ ಹಿಡ್ಕೊಂಡು ಅವರ ಮನೆಯವರೇ ಒಂದು ಸಂಜೆ ಈ ವಿಷಯ ಊರಿಗೆ ಹೇಳಿದ್ರೆ, ಯಾವ ಆಫೀಸರ್ ಹೇಳಿದ್ದಕ್ಕಿಂತ ಹೆಚ್ಚು ಜನ ಕೇಳ್ತಾರೆ. ಅಮ್ಮಂಗೂ ನೀನು ಯಾವ ಥರದ ಕೆಲಸಕ್ಕೆ ಹೋಗ್ತಿದೀಯ ಅಂತ ಅವತ್ತು ಅರ್ಥ ಆಗಬಹುದು.

ಪ್ರಶ್ನೆ: ಹಾಲಿನ ಸಹಕಾರ ಸಂಘದಲ್ಲಿ ಸಂಬಳ ಇಲ್ಲದ ಪದಾಧಿಕಾರಿ ನಾನು. 'ಏನೂ ಸಿಗದೆ ಯಾರಾದ್ರೂ ಮಾಡ್ತಾರಾ' ಅಂತ ಬೆನ್ನ ಹಿಂದೆ ಮಾತು. ಬಿಟ್ಟು ಬಿಡೋಣ ಅನ್ಸಿದೆ.

ಉತ್ತರ: ಬಿಡಬೇಡಿ ಸರ್. ಜರ್ಮನಿಯಲ್ಲಿ ಫ್ರೀಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಅಂತ ಒಬ್ಬ ಹಳ್ಳಿಗಳ ಮೇಯರ್ ಇದ್ದ, 1846-47ರ ಬರದ ಚಳಿಗಾಲದಲ್ಲಿ ಜನ ಹಸಿದಿದ್ದನ್ನ ಕಣ್ಣಾರೆ ಕಂಡೋನು. ರೈತರು ಬಡ್ಡಿ ಕೊಟ್ಟು ಕೊಟ್ಟು ಮುಳುಗೋದನ್ನ ನೋಡಿ 1864ರಲ್ಲಿ ಹೆಡೆಸ್ಡಾರ್ಫ್‌ನಲ್ಲಿ ರೈತರದೇ ಸಾಲದ ಸಂಘ ಕಟ್ಟಿದ. ಅವನ ಪದ್ಧತೀಲಿ ಸಂಘ ನಡೆಸೋ ಪದಾಧಿಕಾರಿಗಳಿಗೆ ಸಂಬಳ ಇರಲಿಲ್ಲ, ಒಬ್ಬರನ್ನೊಬ್ಬರು ಬಲ್ಲ ಊರಿನ ಜನ ಅಂತ ನಂಬಿಕೆ ಮೇಲೆ ನಡೀತಿತ್ತು. ನೀವು ಮಾಡ್ತಿರೋದು ಅದೇ ಕೆಲಸ. ಬೆನ್ನ ಹಿಂದಿನ ಮಾತಿಗೆ ನನಗೆ ಗೊತ್ತಿರೋ ಒಂದೇ ಔಷಧಿ ಲೆಕ್ಕ. ಪ್ರತಿ ತಿಂಗಳು ಜಮಾ ಖರ್ಚನ್ನ ಕೇಳೋ ಮುಂಚೆನೇ ದೊಡ್ಡ ಅಕ್ಷರದಲ್ಲಿ ಬರೆದು ಸಂಘದ ಗೋಡೆಗೆ ಅಂಟಿಸಿ.

ಪ್ರಶ್ನೆ: ನನಗೆ ಎಪ್ಪತ್ತು ದಾಟಿತು. ಮಗ ಬೇಸಾಯ ಮುಂದುವರಿಸ್ತೀನಿ ಅಂತಾನೆ, ಸಂತೋಷ. ಆದ್ರೆ ಅವನ ದಾರಿನೇ ಬೇರೆ, ನನ್ನದೆಲ್ಲಾ ಹಳೇದು ಅಂತಾನೆ. ಊರಿನ ಕೆಲಸಕ್ಕೂ ಅವನನ್ನ ಹಚ್ಚಬೇಕು ಅಂತ ನನ್ನಾಸೆ, ಅವನು ಬರಲ್ಲ. ನಾನು ಕಣ್ಣು ಮುಚ್ಚಿದ ಮೇಲೆ ಎಲ್ಲಾ ನಿಂತು ಹೋಗುತ್ತಾ ಅನ್ನೋ ಚಿಂತೆ.

ಉತ್ತರ: ಯಜಮಾನ್ರೇ, ಮಗ ಭೂಮಿ ಮೇಲೆ ನಿಲ್ತೀನಿ ಅಂದಿದಾನಲ್ಲ, ಅದೇ ಅರ್ಧ ಗೆದ್ದ ಹಾಗೆ. ಪೂರ್ತಿ ಜಮೀನು ಒಂದೇ ದಿನ ಬಿಟ್ಟುಕೊಡೋಕೆ ನಿಮ್ಮ ಮನಸ್ಸು ಒಪ್ಪಲ್ಲ, ಒಂದು ತಾಕು ಮಾತ್ರ ಬಿಡಿ, ಆದ್ರೆ ಪೂರ್ತಿ ಬಿಡಿ. ಏನು ಬಿತ್ತಬೇಕು, ಎಷ್ಟು ಖರ್ಚು, ಲಾಭ ಲುಕ್ಸಾನು ಎಲ್ಲಾ ಅವನದೇ. ಬದುವಿನ ಮೇಲೆ ನಿಂತು 'ನಾನು ಹೇಳಿರ್ಲಿಲ್ವಾ' ಅನ್ನೋ ಮಾತು ಒಂದು ವರ್ಷ ಬಾಯಿಗೆ ಬರಬಾರದು, ಅದು ಕಷ್ಟ ಅಂತ ಗೊತ್ತು.

ಊರಿನ ಕೆಲಸದ ವಿಷಯಕ್ಕೆ, ನಿಮ್ಮ ಅಷ್ಟೂ ಜವಾಬ್ದಾರಿ ಅವನ ಹೆಗಲಿಗೆ ಹಾಕಬೇಡಿ. ನೀವು ಒಂದೊಂದಾಗಿ ಹತ್ತಿಪ್ಪತ್ತು ವರ್ಷದಲ್ಲಿ ಹೊತ್ತಿದ್ದು ಅದು. ಶಾಲೆ ಕೆಲಸ ಒಬ್ಬರಿಗೆ, ರಕ್ತದಾನ ಇನ್ನೊಬ್ಬರಿಗೆ ಅಂತ ಊರಲ್ಲೇ ಹಂಚಿ, ಹೆಣ್ಣುಮಕ್ಕಳಿಗೂ ಹಂಚಿ. ಮಗನಿಗೆ ಅವನಿಗಿಷ್ಟ ಇರೋದು ಒಂದು ಸಾಕು, ಮೊಬೈಲಲ್ಲಿ ಮಳೆ ಮಾಹಿತಿ ಎಲ್ಲರಿಗೂ ಕಳಿಸೋದೇ ಆಗಿರ್ಲಿ, ಅದೂ ಸೇವೆನೇ. ಡಿಸೆಂಬರ್ 5 ವಿಶ್ವ ಮಣ್ಣಿನ ದಿನ, ಅದೇ ದಿನ ಸ್ವಯಂಸೇವಕರ ಅಂತರರಾಷ್ಟ್ರೀಯ ದಿನಾನೂ ಹೌದು. ನಿಮ್ಮಂಥವರಿಗೇ ಅಂತ ಇಟ್ಟ ಹಾಗಿದೆ. ಅವತ್ತು ಜವಾಬ್ದಾರಿ ವಹಿಸಿಕೊಡೋದಿದ್ರೆ ಊರವರ ಎದುರಿಗೇ ವಹಿಸಿ.

ನಿಮ್ಮ ತಲೇಲಿ ಮಾತ್ರ ಇರೋದನ್ನ ಹೊರಗೆ ತೆಗೆಯೋ ಕೆಲಸ ಮಾತ್ರ ಅಷ್ಟು ದಿನ ಕಾಯೋದು ಬೇಡ. ಎರಡು ಮೂರು ಸೆಂಟಿಮೀಟರ್ ಮಣ್ಣು ಹುಟ್ಟೋಕೆ ಸಾವಿರ ವರ್ಷದವರೆಗೂ ಹಿಡಿಯಬಹುದು, ಅದು ಒಂದು ಜೋರು ಮಳೇಲಿ ಎಲ್ಲಿ ಕೊಚ್ಚಿ ಹೋಗುತ್ತೆ ಅನ್ನೋದು ನಿಮಗೆ ಗೊತ್ತು, ಯಾವ ಆ್ಯಪ್‌ಗೂ ಗೊತ್ತಿಲ್ಲ. ಯಾವ ಮೂಲೇಲಿ ನೀರು ನಿಲ್ಲುತ್ತೆ, ಎಲ್ಲಿ ಗುದ್ದಲಿಗೆ ಬಂಡೆ ಸಿಗುತ್ತೆ, ಯಾವ ವರ್ಷ ಯಾವ ರೋಗ ಬಂತು, ಪಕ್ಕದವರ ಜೊತೆ ಬದುವಿನ ಮಾತು ಏನಾಗಿತ್ತು, ಇದೆಲ್ಲಾ. ನಾಳೆ ಬೆಳಗ್ಗೆ ಇಬ್ಬರೂ ಬದು ಹಿಡಿದು ಒಂದು ಸುತ್ತು ಬನ್ನಿ. ನೋಟ್‌ಬುಕ್ಕು ಪೆನ್ನು ಅವನ ಕೈಲಿರ್ಲಿ, ನೀವು ಹೇಳ್ತಾ ನಡೀರಿ, ಅವನು ಬರ್ಕೊಳ್ಳಿ.